ಫೋಟೋದ ಬೆನ್ನಿಗೊಂದು ಚೀಟಿ

ಸಾಗರ,
ಆಷಾಢದ ಒಂದು ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ,

ನಾಲ್ಕು ದಿನದಿಂದ ಮಳೆ ಬಿಟ್ಟಿಲ್ಲ. ಹಪ್ಪಳ ಮೆತ್ತಗಾಗುತ್ತದೆ ಅಂತ ನಿನ್ನ ದೊಡ್ಡಮ್ಮ ಡಬ್ಬಿ ಮುಟ್ಟಲು ಬಿಡುತ್ತಿಲ್ಲ. ನೀನು ಹೋದ ತಿಂಗಳು ಬಂದಾಗ ತೆಗೆದ 14 ಫೋಟೋ ನೋಡಿದೆ. ಕೆಳಗೆ ‘ದೊಡ್ಡಪ್ಪ, 150-600 ಲೆನ್ಸ್ ತಗೊಳ್ಳಲಾ?’ ಅಂತ ಒಂದೇ ಸಾಲು. ಫೋಟೋ ಹೇಗಿವೆ ಅಂತ ನೀನು ಕೇಳಿಲ್ಲ. ಕೇಳದ ಪ್ರಶ್ನೆಗೇ ಮೊದಲು ಉತ್ತರ ಹೇಳುತ್ತೇನೆ, ಮುದುಕರ ಚಾಳಿ.

ಮೊಬೈಲಿನಲ್ಲಿ ಎಲ್ಲ ಫೋಟೋವೂ ಚೆನ್ನಾಗಿಯೇ ಕಾಣುತ್ತವೆ. ಅದಕ್ಕೇ ಮೂರನ್ನು ಆರಿಸಿ ಪೇಟೆಯ ಸ್ಟುಡಿಯೋಗೆ ಒಯ್ದೆ. ಅಲ್ಲಿಯ ಹುಡುಗ ಅಳತೆ ನೋಡಿ ನಕ್ಕ. ವಾಟ್ಸಪ್ಪಿನಲ್ಲಿ ಬರುವಷ್ಟರಲ್ಲಿ ಸೊರಗಿ, ಉದ್ದದ ಬದಿಗೆ 1600 ಪಿಕ್ಸೆಲ್ ಉಳಿದಿತ್ತು. ಇಂಚಿಗೆ 300ರ ಲೆಕ್ಕ ಹಾಕಿದರೆ ಐದಿಂಚು ಚಿಲ್ಲರೆ. ನಿಮ್ಮಪ್ಪನಿಗೆ ಹೇಳಿ ಮೂಲ ಫೈಲು ತರಿಸಿಕೊಂಡೆ: 6000 × 4000. ಅದರಲ್ಲಿ 12 × 8 ಏನು, 20 × 13 ಇಂಚೂ ಸಲೀಸು.

ಪ್ರಿಂಟು ಬಂತು. ಇಕ್ಕೇರಿ ದೇವಸ್ಥಾನದ ನಂದಿ ಎಣ್ಣೆಯಲ್ಲಿ ಅದ್ದಿ ತೆಗೆದ ಹಾಗೆ ಕಪ್ಪಗಿತ್ತು. ಸ್ಟುಡಿಯೋದವನ ತಪ್ಪಲ್ಲ. ನೀನು ರಾತ್ರಿ ಲ್ಯಾಪ್‌ಟಾಪಿನ ಬೆಳಕನ್ನು ಪೂರ್ತಿ ಏರಿಸಿಕೊಂಡು ತಿದ್ದಿದ್ದೀಯ. ಕಾಗದಕ್ಕೆ ಸ್ವಂತ ಬೆಳಕಿಲ್ಲ ಮಗಾ, ಅದು ಕೋಣೆಯ ಬೆಳಕನ್ನೇ ಕಡ ತರಬೇಕು. ಮುಂದಿನ ಸಲ ಪರದೆಯ ಪಕ್ಕ ಒಂದು ಬಿಳಿ ಹಾಳೆ ಹಿಡಿ. ಪರದೆಯ ಬಿಳುಪು ಹಾಳೆಯ ಬಿಳುಪಿನ ಹತ್ತಿರ ಬರುವ ತನಕ ಬೆಳಕು ಇಳಿಸು, ಆಮೇಲೆ ತಿದ್ದು. ಎರಡನೆಯ ಸಲ ನಾನೇ ಸ್ವಲ್ಪ ಬೆಳಕೇರಿಸಿ, ಮ್ಯಾಟ್ ಕಾಗದದ ಮೇಲೆ ಹಾಕಿಸಿದೆ. ಕಲ್ಲಿಗೆ ಮ್ಯಾಟೇ ಚೆನ್ನ. ಗ್ಲಾಸಿಯಾದರೆ ನಂದಿಗಿಂತ ಮೊದಲು ಎದುರಿನ ಕಿಟಕಿ ಕಾಣುತ್ತದೆ. ಈಗ ನಂದಿಯ ಕೊರಳ ಸರದ ಒಂದೊಂದು ಗುಂಡೂ ಎಣಿಸಬಹುದು.

ಇನ್ನು ಲೆನ್ಸಿನ ವಿಷಯ. ಬೇಡ ಅನ್ನುವುದಿಲ್ಲ, ನಿನ್ನ ದುಡ್ಡು. ಆದರೆ ಗುಡವಿ ಪಕ್ಷಿಧಾಮದಲ್ಲಿ ಹಕ್ಕಿಗಳು ಸೇರುವುದೇ ಮಳೆಗಾಲದಲ್ಲಿ, ಮೋಡದ ಬೆಳಕಿನಲ್ಲಿ. ಆ ಲೆನ್ಸು 600ಕ್ಕೆ ಎಳೆದಾಗ ಎಫ್ 6.3ಕ್ಕಿಂತ ಹೆಚ್ಚು ಬಾಯಿ ತೆರೆಯುವುದಿಲ್ಲ. ಹಾರುವ ಕೆಂಬರಲನ್ನು ಅಲುಗದಂತೆ ಹಿಡಿಯಲು 1/1600 ಸೆಕೆಂಡಾದರೂ ಬೇಕು. ಐಎಸ್ಓ ಏರಿಸುತ್ತೀ, ಬಿಳಿ ರೆಕ್ಕೆಯ ಮೇಲೆಲ್ಲ ರವೆ ಚೆಲ್ಲಿದ ಹಾಗೆ ನಾಯ್ಸ್. ಜೊತೆಗೆ ಎರಡು ಕಿಲೋ ಹತ್ತಿರದ ತೂಕ. ಬೆಂಗಳೂರಿನಲ್ಲಿ ದಿನದ ಬಾಡಿಗೆಗೆ ಸಿಗುತ್ತದಲ್ಲ, ಎರಡು ಶನಿವಾರ ಹೊತ್ತು ತಿರುಗಿ ನೋಡು. ಭುಜ ಏನು ಹೇಳುತ್ತದೋ ಹಾಗೆ ಮಾಡು. ನನ್ನನ್ನು ಕೇಳಿದರೆ, ಮೊದಲು ಒಂದು 50 ಮಿ.ಮೀ. ಎಫ್ 1.8 ತಗೊ. ಅಂಗೈಯಲ್ಲಿ ಹಿಡಿಯುವಂಥದ್ದು, 6.3ರ ಹನ್ನೆರಡು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಜೂಮ್ ಇಲ್ಲ, ನೀನೇ ನಡೆಯಬೇಕು. ಯಾವುದು ತಗೊಂಡರೂ ಚರ್ಮದ ಚೀಲದಲ್ಲಿ ಮಾತ್ರ ಇಡಬೇಡ. ಚರ್ಮ ತೇವ ಹಿಡಿದಿಡುತ್ತದೆ. ನನ್ನದೊಂದು ಒಳ್ಳೆಯ ಲೆನ್ಸು ಎರಡೇ ಮಳೆಗಾಲದಲ್ಲಿ ಒಳಗಡೆ ಜೇಡರ ಬಲೆಯಂಥ ಬೂಷ್ಟು ಕಟ್ಟಿ ಹೋಯಿತು.

ನಿನಗೆ ನಮ್ಮ ಸೀರೆ ಪೆಟ್ಟಿಗೆಯ ಕಥೆ ಹೇಳಿದ್ದೇನಾ? ಎಪ್ಪತ್ತರ ದಶಕದ ಕೊನೆ. ಬೆಂಗಳೂರಿನಲ್ಲಿ 1971ರಲ್ಲೇ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಶುರುವಾಗಿತ್ತು, ನಮಗೆ ಅಷ್ಟು ದೂರ ಹೋಗುವ ತ್ರಾಣ ಎಲ್ಲಿ? ಸಾಗರ, ಸಿದ್ದಾಪುರ, ಶಿರಸಿ, ಶಿವಮೊಗ್ಗದಲ್ಲಿ ಚದುರಿದ್ದ ಆರು ಜನ ಸೇರಿಕೊಂಡೆವು. ಇಬ್ಬರು ಮೇಷ್ಟ್ರು, ಒಬ್ಬ ಬ್ಯಾಂಕ್ ಗುಮಾಸ್ತ, ಒಬ್ಬ ಅಡಿಕೆ ತೋಟದವ, ಒಬ್ಬ ಕಾಂಪೌಂಡರ್, ಆಮೇಲೆ ನಾನು. ನನ್ನದು ಆಗ್ಫಾ ಕ್ಲಿಕ್ 3 ಕ್ಯಾಮೆರಾ. ಊಟಿಯ ಕಾರ್ಖಾನೆಯ ‘ಇಂದು’ ಫಿಲ್ಮು, ರೋಲಿಗೆ 12 ಫೋಟೋ, ಅದನ್ನೇ ತಿಂಗಳಿಡೀ ಜತನ ಮಾಡುವುದು. ರಾತ್ರಿ ಅಡುಗೆಮನೆಗೆ ಕಂಬಳಿ ಕಟ್ಟಿ, ಕೆಂಪು ಬಲ್ಬು ಹಾಕಿ, ಹೈಪೋ ವಾಸನೆಯಲ್ಲಿ ಪ್ರಿಂಟು ತೆಗೆಯುತ್ತಿದ್ದೆವು. ಮುಖ ಕಪ್ಪಾಗುವಂತಿದ್ದರೆ ಬೆಳಕಿಗೆ ಅಂಗೈ ಅಡ್ಡ ಹಿಡಿದು ಆಡಿಸುವುದು. ನಿನ್ನ ಕಂಪ್ಯೂಟರಿನಲ್ಲಿ ಡಾಡ್ಜ್ ಅಂತ ಒಂದು ಗುಂಡಿ ಇದೆಯಲ್ಲ, ಅದು ಆ ಅಂಗೈಯೇ.

ಆ ಪ್ರಿಂಟುಗಳನ್ನು ಒಂದು ಸೀರೆ ಪೆಟ್ಟಿಗೆಯಲ್ಲಿ ಹಾಕಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆವು. ಪೆಟ್ಟಿಗೆ ಊರೂರು ಸುತ್ತಿ ಬರುವಾಗ ಪ್ರತಿ ಫೋಟೋದ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಐದು ಜನರ ಮಾತು. ಒಂದೇ ಕಟ್ಟಳೆ: ಬರಿದೇ ‘ಚೆನ್ನಾಗಿದೆ’ ಅಂತ ಬರೆದವನದು ಮುಂದಿನ ಸಲದ ಬಸ್ ಚಾರ್ಜು. ಒಮ್ಮೆ ಪೆಟ್ಟಿಗೆ ಮಳೆಗೆ ನೆನೆದು ಫೋಟೋಗಳೆಲ್ಲ ಒಂದಕ್ಕೊಂದು ಅಂಟಿ ದೋಸೆ ಕಟ್ಟಿನ ಹಾಗೆ ಬಂದವು. ಬಕೆಟ್ ನೀರಿನಲ್ಲಿ ನೆನೆಹಾಕಿ ಒಂದೊಂದಾಗಿ ಬಿಡಿಸಿದೆವು. ಅರ್ಧ ಉಳಿದವು.

ನಾನು ಕೆಳದಿ ದೇವಸ್ಥಾನದ ಫೋಟೋ ಒಂದನ್ನು ಹೆಮ್ಮೆಯಿಂದ ಹಾಕಿದ್ದೆ. ಕಾಂಪೌಂಡರ್ ಬರೆದಿದ್ದ: ‘ಕಂಬ ನೂರಾರು ವರ್ಷದಿಂದ ಅಲ್ಲೇ ಇದೆ, ಓಡಿಹೋಗುವುದಿಲ್ಲ. ಮೂಲೆಯಲ್ಲಿ ಹೂ ಕಟ್ಟುತ್ತಿದ್ದ ಅಜ್ಜಿಯ ಕೈ ಕತ್ತರಿಸಿದ್ದೀರಲ್ಲ, ಅವರಿಗೆ ಏನು ಹೇಳುತ್ತೀರಿ?’ ಒಂದು ವಾರ ಅವನ ಮೇಲೆ ಸಿಟ್ಟಿತ್ತು. ಆಮೇಲೆ ಅಜ್ಜಿಯನ್ನು ಹುಡುಕಿಕೊಂಡು ಹೋದೆ. ಅವರು ಫೋಟೋ ತೆಗೆಸಿಕೊಳ್ಳಲು ಒಪ್ಪಲಿಲ್ಲ.

ಇನ್ನೊಂದು ವಿಷಯ, ಹೇಳುವುದೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಮ್ಮ ಹಿತ್ತಲ ದಾಸವಾಳದ ಗಿಡದಲ್ಲಿದ್ದ ಪಿಕಳಾರದ ಗೂಡಿನ ಫೋಟೋ ಇದೆಯಲ್ಲ, ಎಲೆ ಸರಿಸಿ ಕಟ್ಟಿ ತೆಗೆದದ್ದು ಗೊತ್ತಾಗುತ್ತದೆ. ನೀನು ಹೋದ ಮೂರನೇ ದಿನ ಕೆಂಬೂತ ಬಂದು ಮೊಟ್ಟೆ ತಿಂದಿತು. ನಿನ್ನಿಂದಲೇ ಅಂತ ಹೇಳಲಾರೆ, ಅಲ್ಲ ಅಂತಲೂ ಹೇಳಲಾರೆ. ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಅವರಂಥವರ ಕಪ್ಪು-ಬಿಳುಪು ಚಿತ್ರ ನೋಡಿ ಬೆಳೆದವರು ನಾವು. ಆ ಕಾಲದಲ್ಲಿ ಗೂಡಿನ ಚಿತ್ರ ತಪ್ಪು ಅಂತ ನಾವಾರೂ ಅಂದುಕೊಂಡಿರಲಿಲ್ಲ, ನಾನೂ ತೆಗೆದಿದ್ದೇನೆ. ಈಗ ಎಷ್ಟೋ ಸ್ಪರ್ಧೆಗಳು ಅವನ್ನು ತೆಗೆದುಕೊಳ್ಳುವುದೇ ಇಲ್ಲ. ಆ ಫೋಟೋ ಪ್ರಿಂಟು ಹಾಕಿಸಿದ್ದೇನೆ, ನಿನಗೆ ಕಳಿಸುತ್ತಿಲ್ಲ.

ಮೂರರಲ್ಲಿ ಉಳಿದ ಎರಡು ಪ್ರಿಂಟನ್ನು, ನಂದಿಯನ್ನೂ ಕೆಂಬರಲನ್ನೂ, ಗಟ್ಟಿ ರಟ್ಟಿನ ನಡುವೆ ಇಟ್ಟು ನಾಳೆ ಅಂಚೆಗೆ ಹಾಕುತ್ತೇನೆ. ನಂದಿಯ ಬೆನ್ನಿಗೆ ಚೀಟಿ ಅಂಟಿಸಿದ್ದೇನೆ. ಎಡ ಅಂಚಿನಲ್ಲಿ ಯಾವುದೋ ಮಗುವಿನ ಒಂದು ಜೊತೆ ಚಪ್ಪಲಿ ಇದೆ, ನೀನು ನೋಡಿರಲಿಕ್ಕಿಲ್ಲ, ಒಂದು ಅರ್ಧಕ್ಕೇ ತುಂಡಾಗಿದೆ. ಅದನ್ನೇ ಬರೆದಿದ್ದೇನೆ. ಕೆಳಗೆ ನಾಲ್ಕು ಸಾಲು ಖಾಲಿ ಬಿಟ್ಟಿದ್ದೇನೆ, ನಿನ್ನ ಆಫೀಸಿನ ಕ್ಯಾಮೆರಾ ಗೆಳೆಯರಿಗೆ ಕೊಡು. ಕಟ್ಟಳೆ ಹಳೆಯದೇ ಅಂತ ಹೇಳು.

ದೀಪಾವಳಿಗೆ ಬರುವಾಗ ಸಿಲಿಕಾ ಜೆಲ್ ಪೊಟ್ಟಣ ಸ್ವಲ್ಪ ಜಾಸ್ತಿಯೇ ತಾ. ದೊಡ್ಡಮ್ಮ ಹಪ್ಪಳದ ಡಬ್ಬಿಗೂ ಬೇಕು ಅನ್ನುತ್ತಿದ್ದಾಳೆ.

ಇತಿ ನಿನ್ನ,
ದೊಡ್ಡಪ್ಪ