ದೀರ್ಘಕಾಲದ ನೋವಿಗೆ ಹೊಸ ಔಷಧ: ಆರಂಭಿಸುವ ಮುನ್ನ ಅರಿಯಬೇಕಾದ ಸಂಗತಿಗಳು

ನೋವು ಶರೀರವು ನೀಡುವ ಎಚ್ಚರಿಕೆ. ಗಾಯ ಮಾಯ್ದಂತೆ ಅದೂ ಶಮನವಾಗುವುದು ಸಹಜ. ಆದರೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ಅಥವಾ ಮರುಕಳಿಸುವ ನೋವನ್ನು ವೈದ್ಯಶಾಸ್ತ್ರವು ದೀರ್ಘಕಾಲಿಕ ನೋವೆಂದು ಕರೆಯುತ್ತದೆ. ಸಂಧಿವಾತ, ಸೊಂಟನೋವು, ಸಕ್ಕರೆ ಕಾಯಿಲೆಯಿಂದ ಪಾದಗಳಲ್ಲಿ ಉಂಟಾಗುವ ಉರಿ, ಸರ್ಪಸುತ್ತು ವಾಸಿಯಾದ ಬಳಿಕವೂ ಉಳಿಯುವ ನೋವು ಈ ಬಗೆಯವು. ವರ್ಷಾನುಗಟ್ಟಲೆ ನೋವುಂಡವರು ಹೊಸ ಔಷಧದಲ್ಲಿ ಭರವಸೆಯಿಡುವುದು ಸ್ವಾಭಾವಿಕ. ಆ ಭರವಸೆ ಫಲಿಸಬೇಕಾದರೆ ಕೆಲವು ಸಂಗತಿಗಳನ್ನು ಮೊದಲೇ ಅರಿತಿರಬೇಕು.

ನೋವಿಗೆ ತಕ್ಕ ಔಷಧ

ಎಲ್ಲ ನೋವಿಗೂ ಒಂದೇ ಔಷಧವಿಲ್ಲ. ಕೀಲುಗಳ ಉರಿಯೂತದಿಂದ ಬರುವ ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂತಹ ಮಾತ್ರೆಗಳು ಉಪಯುಕ್ತ. ಆದರೆ ಇವುಗಳ ದೀರ್ಘ ಬಳಕೆಯಿಂದ ಜಠರದಲ್ಲಿ ಹುಣ್ಣು ಹಾಗೂ ರಕ್ತಸ್ರಾವ ಉಂಟಾಗಬಹುದು, ರಕ್ತದೊತ್ತಡ ಏರಬಹುದು, ಮೂತ್ರಪಿಂಡಗಳಿಗೆ ಹಾನಿ ತಗುಲಬಹುದು.

ನರಗಳಿಗೆ ಆದ ಹಾನಿಯಿಂದ ಬರುವ ನೋವಿನ ವಿಷಯ ಬೇರೆ. ಪಾದಗಳ ಉರಿ, ಸೂಜಿ ಚುಚ್ಚಿದಂತಹ ಅನುಭವ, ಜೋಮು ಇದರ ಲಕ್ಷಣಗಳು. ಸಾಮಾನ್ಯ ನೋವಿನ ಮಾತ್ರೆಗಳಿಂದ ಇದಕ್ಕೆ ಹೆಚ್ಚಿನ ಉಪಶಮನ ದೊರೆಯದು. ಆದುದರಿಂದ ವೈದ್ಯರು ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್, ಗ್ಯಾಬಪೆಂಟಿನ್ ಅಥವಾ ಪ್ರಿಗ್ಯಾಬಲಿನ್ ಬರೆದುಕೊಡುವುದುಂಟು. ಮೊದಲಿನ ಎರಡು ಮಾನಸಿಕ ಖಿನ್ನತೆಗೂ, ಉಳಿದೆರಡು ಮೂರ್ಛೆರೋಗಕ್ಕೂ ಬಳಕೆಯಲ್ಲಿರುವ ಔಷಧಗಳು. ಇದನ್ನು ಅರಿತ ಕೆಲವರು, ತಮ್ಮ ನೋವನ್ನು ಮನಸ್ಸಿನ ಭ್ರಮೆಯೆಂದು ವೈದ್ಯರು ಬಗೆದರೆಂದು ನೊಂದುಕೊಂಡು ಮಾತ್ರೆಯನ್ನೇ ಬಿಡುತ್ತಾರೆ. ಇದು ತಪ್ಪು ತಿಳಿವಳಿಕೆ. ನರಗಳು ನೋವಿನ ಸಂದೇಶವನ್ನು ಸಾಗಿಸುವ ಕ್ರಿಯೆಯನ್ನು ಈ ಔಷಧಗಳು ತಗ್ಗಿಸುತ್ತವೆ. ಪೂರ್ಣ ಪರಿಣಾಮ ಕಾಣಲು ಕೆಲವು ವಾರಗಳು ಬೇಕಾಗಬಹುದು. ಆರಂಭದಲ್ಲಿ ತೂಕಡಿಕೆ, ತಲೆಸುತ್ತು ಬರಬಹುದಾದ್ದರಿಂದ ಅಂತಹ ಸಮಯದಲ್ಲಿ ವಾಹನ ನಡೆಸಬಾರದು. ವೃದ್ಧರು ರಾತ್ರಿ ಎದ್ದು ನಡೆಯುವಾಗ ಬೀಳದಂತೆ ಎಚ್ಚರ ವಹಿಸಬೇಕು.

ಹೊಸದೆಲ್ಲವೂ ನಿರಪಾಯವಲ್ಲ

ಜಠರಕ್ಕೆ ಕಡಿಮೆ ತೊಂದರೆ ಕೊಡುವುದೆಂಬ ಕಾರಣದಿಂದ ರೋಫೆಕಾಕ್ಸಿಬ್ ಎಂಬ ಔಷಧವು 1999ರ ನಂತರ ಅನೇಕ ದೇಶಗಳಲ್ಲಿ ಬಳಕೆಗೆ ಬಂದಿತು. ಅದರಿಂದ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯ ಹೆಚ್ಚುವುದು ಕಂಡುಬಂದುದರಿಂದ 2004ರಲ್ಲಿ ಅದನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಳ್ಳಲಾಯಿತು. ಔಷಧವೊಂದರ ಕೆಲವು ದೋಷಗಳು ಬಹುಜನರು ಬಹುಕಾಲ ಸೇವಿಸಿದ ನಂತರವೇ ಗೋಚರಿಸುತ್ತವೆ ಎಂಬುದು ಇದರಿಂದ ಸ್ಪಷ್ಟ.

ವೈದ್ಯರಿಗೆ ತಿಳಿಸಬೇಕಾದುವು

1. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಆಸ್ತಮಾ, ಹೃದಯ, ಯಕೃತ್ತು ಅಥವಾ ಮೂತ್ರಪಿಂಡಗಳ ತೊಂದರೆ. ಹಿಂದೆ ಆದ ಜಠರದ ಹುಣ್ಣು.
2. ಗರ್ಭಧಾರಣೆ ಅಥವಾ ಎದೆಹಾಲು ಉಣಿಸುತ್ತಿರುವ ಸಂಗತಿ.
3. ಸೇವಿಸುತ್ತಿರುವ ಎಲ್ಲ ಔಷಧಗಳು, ಆಯುರ್ವೇದ ಹಾಗೂ ನಾಟಿ ಮದ್ದು ಸಹಿತ. ರಕ್ತ ಹೆಪ್ಪುಗಟ್ಟದಿರಲು ಕೊಡುವ ಮಾತ್ರೆಗಳೊಡನೆ ನೋವಿನ ಮಾತ್ರೆ ಸೇರಿದರೆ ರಕ್ತಸ್ರಾವದ ಭಯವಿದೆ.
4. ಮದ್ಯಪಾನದ ಅಭ್ಯಾಸ.

ನೆಗಡಿ, ಜ್ವರದ ಅನೇಕ ಮಾತ್ರೆಗಳಲ್ಲಿಯೂ ಪ್ಯಾರಾಸಿಟಮಾಲ್ ಇರುತ್ತದೆ. ಅರಿಯದೆ ಎರಡನ್ನೂ ಸೇವಿಸಿದರೆ ಪ್ರಮಾಣ ಮಿತಿಮೀರಿ ಯಕೃತ್ತಿಗೆ ಅಪಾಯವಾದೀತು. ಊರಿನಿಂದ ಊರಿಗೆ ವರ್ಗವಾಗುವವರು ಮಾತ್ರೆಯ ವ್ಯಾಪಾರಿ ಹೆಸರಿನೊಡನೆ ಅದರ ಮೂಲ ಔಷಧದ ಹೆಸರನ್ನೂ ಬರೆದಿಟ್ಟುಕೊಳ್ಳುವುದು ಲೇಸು.

ಪರಿಣಾಮದ ಪರಿಶೀಲನೆ

ನೋವು ಸಂಪೂರ್ಣ ಇಲ್ಲವಾಗುವುದೊಂದೇ ಯಶಸ್ಸಲ್ಲ. ರಾತ್ರಿ ನಿದ್ರೆ ಬರುವುದು, ಮೆಟ್ಟಿಲು ಹತ್ತುವುದು, ಮನೆಗೆಲಸ ಸಾಧ್ಯವಾಗುವುದು, ಇಂತಹ ಗುರಿಯನ್ನು ವೈದ್ಯರೊಡನೆ ಮೊದಲೇ ನಿಶ್ಚಯಿಸಬೇಕು. ಪ್ರತಿದಿನದ ನೋವನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕದಲ್ಲಿ ಬರೆದಿಟ್ಟರೆ ಔಷಧವನ್ನು ಮುಂದುವರಿಸಬೇಕೆ ಅಥವಾ ಬದಲಿಸಬೇಕೆ ಎಂಬ ನಿರ್ಧಾರ ಸುಲಭವಾಗುತ್ತದೆ. ವ್ಯಾಯಾಮ ಹಾಗೂ ಅಂಗಮರ್ದನ ಚಿಕಿತ್ಸೆಯನ್ನು ವೈದ್ಯರು ಸೂಚಿಸಿದ್ದರೆ ಮಾತ್ರೆಯೊಡನೆ ಅವನ್ನೂ ಪಾಲಿಸಬೇಕು.

ನರಗಳ ನೋವಿನ ಔಷಧಗಳನ್ನು ಥಟ್ಟನೆ ನಿಲ್ಲಿಸಬಾರದು. ವೈದ್ಯರ ಸಲಹೆಯಂತೆ ಕ್ರಮೇಣ ತಗ್ಗಿಸಬೇಕು. ಆದರೆ ಮಲ ಕಪ್ಪಾಗುವುದು, ಉಸಿರಾಟದ ತೊಂದರೆ, ಮುಖದ ಬಾವು ಅಥವಾ ಮೈಮೇಲೆ ದದ್ದು ಕಂಡುಬಂದಲ್ಲಿ ಮುಂದಿನ ಮಾತ್ರೆ ಸೇವಿಸುವ ಮುನ್ನ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಔಷಧದ ದುಷ್ಪರಿಣಾಮಗಳನ್ನು ಭಾರತೀಯ ಔಷಧ ಸಂಹಿತಾ ಆಯೋಗದ ಉಚಿತ ದೂರವಾಣಿ 1800-180-3024ಕ್ಕೆ ರೋಗಿಗಳೂ ತಿಳಿಸಬಹುದು.

ನೆರೆಯವರಿಗೆ ಗುಣ ನೀಡಿದ ಮಾತ್ರೆ ತನಗೂ ಹಿತವೆಂದು ಯಾರೂ ಭಾವಿಸಬಾರದು. ನೋವನ್ನು ಮೌನವಾಗಿ ಸಹಿಸಬೇಕಾಗಿಯೂ ಇಲ್ಲ. ವೈದ್ಯರನ್ನು ಸಂಕೋಚವಿಲ್ಲದೆ ಪ್ರಶ್ನಿಸಿ, ತಿಳಿದು ಸೇವಿಸಿದ ಔಷಧವೇ ಕ್ಷೇಮಕರ.