ಹಂಪಿಗೆ ಮೊದಲು ಕಂಪ್ಲಿ, ಹಂಪಿಯಾದ ಮೇಲೆ ಸಂಡೂರು

ಹಂಪಿಯನ್ನು ಒಂದೇ ದಿನದಲ್ಲಿ ನೋಡಿ ಮುಗಿಸಬಹುದೆಂದು ಮೊದಲು ಹೇಳಿದವರು ಯಾರೋ ಗೊತ್ತಿಲ್ಲ. ಸಂಜೆಯ ರೈಲು ಹಿಡಿಯುವ ಅವಸರದಲ್ಲಿದ್ದವರೇ ಇರಬೇಕು. ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿಯುವುದು, ವಿರೂಪಾಕ್ಷ, ಸಾಸಿವೆಕಾಳು ಗಣಪ, ಉಗ್ರನರಸಿಂಹ, ಕಮಲ ಮಹಲ್, ಗಜಶಾಲೆ ಮುಗಿಸುವುದು, ಕೊನೆಗೆ ಐವತ್ತರ ನೋಟಿನಲ್ಲಿರುವ ಕಲ್ಲಿನ ರಥದ ಮುಂದೆ ಫೋಟೊ ಹೊಡೆಸಿಕೊಂಡು ವಾಪಸ್. ಶಾಲೆಯ ಪ್ರವಾಸಗಳೂ ಹೀಗೇ, ಮದುವೆಗೆ ಬಂದ ನೆಂಟರ ಹಂಪಿಯೂ ಹೀಗೇ.

ನನಗೆ ಬೆನ್ನಿಗೆ ಚೀಲ ಹಾಕಿಕೊಂಡು ಹಳೆಯ ರಾಜಧಾನಿಗಳನ್ನು ಸುತ್ತುವ ಹುಚ್ಚು ಹತ್ತಿದ್ದು ಮಕ್ಕಳೆಲ್ಲ ಕೆಲಸಕ್ಕೆ ಸೇರಿದ ಮೇಲೆ. ಬ್ಯಾಂಕಾಕಿನಿಂದ ರೈಲಿನಲ್ಲಿ ಅಯುತ್ತಯಕ್ಕೆ ಹೋದೆ, ಆಮೇಲೆ ಕಾಂಬೋಡಿಯದ ಅಂಕೋರ್‌ಗೆ. ಅಯುತ್ತಯ ನಮ್ಮ ವಿಜಯನಗರದ ಓರಗೆಯದು: ಇದು 1336ರಲ್ಲಿ ತಲೆ ಎತ್ತಿದರೆ ಅದು 1350ರ ಸುಮಾರಿಗೆ, ಇದು 1565ರಲ್ಲಿ ಬಿದ್ದರೆ ಅದನ್ನು ಬರ್ಮಾದ ಸೈನ್ಯ 1767ರಲ್ಲಿ ಸುಟ್ಟಿತು. ಅಂಕೋರ್‌ನಲ್ಲಿ ಟಿಕೆಟ್ ಕೌಂಟರ್ ಮುಂದೆ ನಿಂತಾಗಲೇ ಮೊದಲ ಪಾಠವಾಯಿತು. ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. ನಿಧಾನ ನೋಡು ಎಂದು ದರಪಟ್ಟಿಯೇ ಹೇಳುತ್ತದೆ. ಅಲ್ಲಿ ಗುಡಿಗಳಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಎಂಟು ಕಿಲೋಮೀಟರ್ ಉದ್ದದ ಪಶ್ಚಿಮ ಬರಾಯ್ ಎಂಬ ಕೆರೆ. ಅಷ್ಟು ನೀರು ಕಟ್ಟಿದ್ದರಿಂದಲೇ ಅಷ್ಟು ಜನ, ಅಷ್ಟು ಜನರಿಂದಲೇ ಅಷ್ಟು ಗುಡಿ. ಊರಿಗೆ ಬಂದವಳೇ ಹಂಪಿಯನ್ನೂ ಹೀಗೆ ಹೊರಗಿನಿಂದ ಒಳಕ್ಕೆ ನೋಡಬೇಕೆಂದು ಚೀಲ ಎತ್ತಿದೆ. ಕಾರು ಬೇಡ, ಬಸ್ಸೇ ಸಾಕು.

ತಂಗಲು ಹೊಸಪೇಟೆ ಒಳ್ಳೆಯದು. ರಾತ್ರಿ ಬೆಂಗಳೂರಿನಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಇಲ್ಲಿ. ಲಾಡ್ಜಿನಲ್ಲಿ ದೊಡ್ಡ ಚೀಲ ಇಟ್ಟು, ನೀರಿನ ಬಾಟಲಿ, ಟೋಪಿ, ಒಂದು ಟವೆಲ್ ಮಾತ್ರ ತಗೊಂಡು ಹೊರಡಿ. ಬಂಡೆಗಳ ನಡುವೆ ಮಧ್ಯಾಹ್ನ ಒಂದೊಂದು ಕಿಲೋ ಭಾರವೂ ಲೆಕ್ಕಕ್ಕೆ ಬರುತ್ತದೆ. ನಾನು ಚೀಲ ಸಮೇತ ಬಸ್ ಹತ್ತಿದಾಗ ಕಂಡಕ್ಟರ್ ಮೇಲಿಂದ ಕೆಳಗೆ ನೋಡಿ, ‘ಅಕ್ಕಾ, ಇದಕ್ಕೂ ಒಂದು ಟಿಕೆಟ್ ಹರೀಲೇನ್ರಿ?’ ಅಂದ. ಹಿಂದಿನ ಸೀಟಿನ ಮುದುಕಿಗೆ ಬೇರೆಯದೇ ಚಿಂತೆ: ‘ಒಬ್ಬಾಕಿನ ಹೊಂಟೀಯೇನವ್ವಾ, ಮನಿಯಾಗ ಯಾರೂ ಇಲ್ಲೇನು?’

ಬೆಳಗಿನ ತಿಂಡಿಗೆ ಒಗ್ಗರಣಿ ಮಿರ್ಚಿ. ಮಂಡಕ್ಕಿಯನ್ನು ನೀರಿನಲ್ಲಿ ನೆನೆಸಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಸಿನದ ಒಗ್ಗರಣೆಗೆ ಹಾಕಿ, ಮೇಲೆ ಹುರಿಗಡಲೆ ಪುಡಿ ಉದುರಿಸುತ್ತಾರೆ; ಪಕ್ಕಕ್ಕೆ ಬಾಣಲೆಯಿಂದ ಆಗಷ್ಟೇ ತೆಗೆದ ಮಿರ್ಚಿ. ಮಧ್ಯಾಹ್ನದವರೆಗೆ ಹೊಟ್ಟೆಯ ಗೊಡವೆ ಇಲ್ಲ. ಹೊಸಪೇಟೆ ಬರೀ ಇಳಿದು ಹತ್ತುವ ಊರೂ ಅಲ್ಲ, ಕೃಷ್ಣದೇವರಾಯ ಕಟ್ಟಿಸಿದ ನಾಗಲಾಪುರವೇ ಇದು. ಹಂಪಿಯ ದಾರಿಯ ಅನಂತಶಯನಗುಡಿಯನ್ನು ಅವನು 1524ರಲ್ಲಿ ಕಟ್ಟಿಸಿದ. ಮಲಗಿದ ದೇವರಿಗಾಗಿ ಅಡ್ಡಕ್ಕೆ ಉದ್ದವಾದ ಗರ್ಭಗುಡಿ, ಮೇಲೆ ಇಟ್ಟಿಗೆಯ ಎತ್ತರದ ಕಮಾನು, ಒಳಗೆ ದೇವರೇ ಇಲ್ಲ. ಇಲ್ಲಿಗೆ ಬರಬೇಕಿದ್ದ ದೇವರು ಹಡಗಲಿ ಕಡೆಯ ಹೊಳಲಿನಲ್ಲೇ ಉಳಿದುಬಿಟ್ಟ ಎಂದು ಜನ ಹೇಳುತ್ತಾರೆ. ಹಂಪಿಗೆ ಹೋಗುವ ಅಷ್ಟೂ ವಾಹನಗಳು ಇದರ ಮುಂದೆಯೇ ಹಾಯುತ್ತವೆ, ಇಳಿಯುವವರು ಅಪರೂಪ.

ನನ್ನ ಸಲಹೆ ಕೇಳಿದರೆ ಮೊದಲ ಬಸ್ ಕಂಪ್ಲಿಗೆ. ‘ಅಲ್ಲೇನೈತ್ರೀ ನೋಡಾಕ?’ ಎಂದು ಲಾಡ್ಜಿನ ಹುಡುಗನೇ ಕೇಳಿದ. ನೋಡಲು ಹೊಳೆ ಇದೆ, ಕೋಟೆಯ ಅಳಿದುಳಿದ ಗೋಡೆ ಇದೆ, ಭತ್ತ, ಬಾಳೆ, ಕಬ್ಬು ಇದೆ. ಆದರೆ ಹಂಪಿ ಶುರುವಾಗುವುದು ಇಲ್ಲಿಂದ. ವಿಜಯನಗರಕ್ಕೂ ಮೊದಲು ಈ ಸೀಮೆಯನ್ನು ಆಳಿದ್ದು ಕಂಪಿಲರಾಯ. ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದು ಸೋತ ಅವನ ಬಂಧು ಬಹಾವುದ್ದೀನ್ ಇಲ್ಲಿಗೆ ಓಡಿಬಂದ. ಆಶ್ರಯ ಕೊಟ್ಟ ತಪ್ಪಿಗೆ 1327ರಲ್ಲಿ ಸುಲ್ತಾನನ ಸೈನ್ಯ ಮುತ್ತಿಗೆ ಹಾಕಿ ರಾಜ್ಯವೇ ಹೋಯಿತು. ಕಂಪಿಲನ ಮಗ ಕುಮಾರರಾಮ ಇಂದಿಗೂ ಈ ಕಡೆಯ ಜನರ ಬಾಯಲ್ಲಿದ್ದಾನೆ. ಹೊಳೆಯಾಚೆ ಗಂಗಾವತಿ ಸೀಮೆಯ ಕುಮ್ಮಟದುರ್ಗ ಅವನದು. ಈ ಮುತ್ತಿಗೆಯ ಸುದ್ದಿಯನ್ನು ಬರೆದಿಟ್ಟವನು ಇಬ್ನ್ ಬತೂತ, ಮೊರಾಕ್ಕೊದಿಂದ ಚೀನಾವರೆಗೆ ಅಲೆದವನು. ಏಷ್ಯಾ ಸುತ್ತುವವರೆಲ್ಲರ ಹಿರಿಯಣ್ಣ ಅನ್ನಬಹುದು. ಅವನ ಪುಸ್ತಕದಲ್ಲಿ ಕಂಪ್ಲಿ ಇದೆ, ಹಂಪಿ ಇಲ್ಲ. ಅವನು ತಿರುಗಾಡಿದ ಕಾಲಕ್ಕೆ ಹಂಪಿ ಇನ್ನೂ ರಾಜಧಾನಿಯಾಗಿ ಬೆಳೆದಿರಲಿಲ್ಲ.

ಕಂಪ್ಲಿ ಕಲಿಸುವ ಇನ್ನೊಂದು ಪಾಠ ನೀರಿನದು. ಮಳೆಗಾಲದಲ್ಲಿ ತುಂಗಭದ್ರಾ ಡ್ಯಾಮಿನಿಂದ ಲಕ್ಷ ಕ್ಯೂಸೆಕ್ ದಾಟಿ ನೀರು ಬಿಟ್ಟರೆ ಗಂಗಾವತಿ ದಾರಿಯ ಸೇತುವೆ ಮುಳುಗುತ್ತದೆ, ಕೋಟೆ ಭಾಗದ ಮನೆಗಳಿಗೆ ನೀರು ನುಗ್ಗುತ್ತದೆ, ಬಸ್ಸುಗಳು ಬುಕ್ಕಸಾಗರ–ಕಡೇಬಾಗಿಲು ಸೇತುವೆ ಸುತ್ತಬೇಕು. ಹಂಪಿಯಲ್ಲಿ ಪುರಂದರ ಮಂಟಪ ಮುಳುಗಿತೆಂದರೆ ಹರಿಗೋಲಿನ ಆಸೆ ಬಿಡಿ. ಹವಾಮಾನ ವರದಿಗಿಂತ ಡ್ಯಾಮಿನ ಹೊರಹರಿವನ್ನು ಪತ್ರಿಕೆಯಲ್ಲಿ ನೋಡಿಕೊಂಡು ಹೊರಡುವುದು ಜಾಣತನ. 2024ರ ಆಗಸ್ಟ್‌ನಲ್ಲಿ 33 ಗೇಟುಗಳ ಪೈಕಿ ಹತ್ತೊಂಬತ್ತನೆಯದು ಚೈನು ಕಡಿದು ಕೊಚ್ಚಿಹೋದಾಗ ಇಡೀ ಸೀಮೆ ನಿದ್ದೆಗೆಟ್ಟಿತ್ತು.

ಹೀಗೆ ನೀರಿನ ಮೇಲೆ ಕಣ್ಣಿಟ್ಟು ಹಂಪಿಗೆ ಹೋದರೆ ಊರೇ ಬೇರೆಯಾಗಿ ಕಾಣುತ್ತದೆ. ವಿಜಯನಗರದ ಅರಸರ ಕಾಲದ ತುರ್ತು ಕಾಲುವೆ ಇವತ್ತಿಗೂ ಹಂಪಿಯ ಬಾಳೆ ತೋಟಗಳಿಗೆ ನೀರುಣಿಸುತ್ತಿದೆ. ಪಾಳುಬಿದ್ದದ್ದು ಅರಮನೆ, ಗದ್ದೆಯಲ್ಲ. ಈ ಕಾಲುವೆಯನ್ನು ಯಾವ ಗೈಡೂ ತೋರಿಸುವುದಿಲ್ಲ, ಟಿಕೆಟ್ಟೂ ಇಲ್ಲ. 1520ರ ಆಸುಪಾಸಿನಲ್ಲಿ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಈ ಊರು ರೋಮಿನಷ್ಟು ದೊಡ್ಡದಾಗಿ ಕಂಡಿತೆಂದು ಬರೆದ. ಚರ್ಮ ಹೊದಿಸಿದ ಬುಟ್ಟಿಯಂಥ ದೋಣಿಯಲ್ಲಿ ಹದಿನೈದಿಪ್ಪತ್ತು ಜನ ಹೊಳೆ ದಾಟುವುದನ್ನೂ, ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸುವುದನ್ನೂ ಬರೆದಿಟ್ಟ. ಹರಿಗೋಲು ಈಗಲೂ ಬಿದಿರಿನ ಹೆಣಿಗೆಯೇ, ಚರ್ಮದ ಬದಲು ಪ್ಲಾಸ್ಟಿಕ್ ಚೀಲ ಮತ್ತು ಡಾಂಬರು. ಸುತ್ತ ಒಂದು ಸಲ ಬೆರಳು ಸವರಿ ನೋಡಿ, ಡಾಂಬರಿನ ಹೊಲಿಗೆ ಕೈಗೆ ಸಿಗುತ್ತದೆ.

ಕಮಲಾಪುರದ ವಸ್ತುಸಂಗ್ರಹಾಲಯವನ್ನು ಎಲ್ಲರೂ ಕಡೆಗೆ ಇಟ್ಟುಕೊಳ್ಳುತ್ತಾರೆ, ಅಷ್ಟೊತ್ತಿಗೆ ಕಾಲು ಸೋತಿರುತ್ತದೆ. ಮೊದಲು ಅಲ್ಲಿಗೇ ಹೋಗಿ. ಅಂಗಳದಲ್ಲಿ ಹಂಪಿಯ ಬೆಟ್ಟ, ಹೊಳೆ, ಗುಡಿಗಳ ದೊಡ್ಡ ಮಾದರಿ ಇದೆ. ಅದರ ಮುಂದೆ ಅರ್ಧ ಗಂಟೆ ನಿಂತರೆ ದಿಕ್ಕು ತಪ್ಪುವುದಿಲ್ಲ. ಶುಕ್ರವಾರ ರಜೆ. ಹಾಗೆಯೇ ಕಂಬಗಳನ್ನು ತಟ್ಟುವ, ಒರಗಿ ತಳ್ಳುವ ಆಟ ಬೇಡ. 2019ರಲ್ಲಿ ಕಂಬ ಬೀಳಿಸಿದ ಹುಡುಗರಿಗೆ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿ, ಕಂಬವನ್ನೂ ಅವರ ಕೈಯಲ್ಲೇ ಎತ್ತಿ ನಿಲ್ಲಿಸಿತು. ಆ ಶಿಕ್ಷೆ ನನಗೆ ಬಹಳ ಹಿಡಿಸಿತು.

ಕೊನೆಗೆ ಸಂಡೂರು. ಗಣಿಯ ಕೆಂಪು ದೂಳು ದಾರಿಯ ಬೇವಿನ ಎಲೆಗಳ ಮೇಲೂ ಕೂತಿರುತ್ತದೆ, ಮಳೆ ಬಿದ್ದ ಮೇಲೆ ಅದೇ ಗುಡ್ಡಗಳು ಮಲೆನಾಡು. ಘೋರ್ಪಡೆ ಅರಸರ ಈ ಪುಟ್ಟ ಸಂಸ್ಥಾನಕ್ಕೆ 1934ರಲ್ಲಿ ಗಾಂಧೀಜಿ ಬಂದಿದ್ದರು. ಗುಡ್ಡದ ಕುಮಾರಸ್ವಾಮಿಯ ಗುಡಿ ಆ ದಶಕದಲ್ಲೇ ದಲಿತರಿಗೆ ಬಾಗಿಲು ತೆರೆದಿತ್ತು. ಹೆಂಗಸರು ಮಾತ್ರ ಕುಮಾರಸ್ವಾಮಿಯನ್ನು ನೋಡಬಾರದೆಂಬ ಕಟ್ಟಳೆ ಹಳೆಯದು. ನಾನು ಪಕ್ಕದ ಪಾರ್ವತಿಯ ಗುಡಿಯಲ್ಲಿ ಕೂತೆ. ತಾಯಿಯ ಗುಡಿ ಚೆನ್ನಾಗಿದೆ, ಕಟ್ಟಳೆ ಚೆನ್ನಾಗಿಲ್ಲ. ದೇವರ ಹೆಸರನ್ನೇ ಇಟ್ಟುಕೊಂಡ ಕಬ್ಬಿಣದ ಗಣಿಯೂ ಅದೇ ಬೆಟ್ಟಸಾಲಿನಲ್ಲಿದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. ಅದೇ ತಿಂಗಳು ಹಂಪಿ ಬಜಾರಿನ ಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು ಎಬ್ಬಿಸಲಾಯಿತು. ಲಾರಿ ನಂಬಿದವರು, ಪ್ರವಾಸಿಗರನ್ನು ನಂಬಿದವರು ಇಬ್ಬರೂ ಒಟ್ಟಿಗೇ ಬೀದಿಗೆ ಬಿದ್ದರು.

ಸಂಡೂರಿನ ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ಹೆಣ್ಣುಮಕ್ಕಳು ಕಸೂತಿ ಹಾಕುವುದನ್ನು ನೋಡುತ್ತ ಕೂರಬಹುದು. ಉಗುರಿನಷ್ಟು ಕನ್ನಡಿಚೂರನ್ನು ಬಟ್ಟೆಯ ಮೇಲಿಟ್ಟು ಎಡಗೈ ಹೆಬ್ಬೆರಳಿನಿಂದ ಅದುಮಿ, ಸುತ್ತಲೂ ದಾರ ಅಡ್ಡಡ್ಡ ಎಳೆದು ಬಿಗಿಯುತ್ತಾರೆ. ಆಮೇಲೆ ಅಲುಗಿಸಿದರೂ ಅದು ಕದಲದು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಇವರು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಸಭೆಗೆ ಬಂದವರು ಹಂಪಿ ನೋಡಿ ಹೋದರು.

ಹಂಪಿಯಲ್ಲಿ ವಿಠ್ಠಲ ದೇವಾಲಯ, ಕಮಲ ಮಹಲ್ ಆವರಣ, ವಸ್ತುಸಂಗ್ರಹಾಲಯ ಮೂರಕ್ಕೂ ಒಂದೇ ಟಿಕೆಟ್, ಆದರೆ ಅದೇ ದಿನಕ್ಕೆ ಮಾತ್ರ. ಸಂಜೆಯೊಳಗೆ ಮೂರನ್ನೂ ಮುಗಿಸಬೇಕೆಂಬ ಓಟ ಶುರುವಾಗುವುದೇ ಇಲ್ಲಿಂದ. ಪುರಾತತ್ವ ಇಲಾಖೆಯವರು ಅಂಕೋರ್‌ನಂತೆ ಮೂರು ದಿನದ ಟಿಕೆಟ್ ಒಂದನ್ನು ಮಾಡಲಿ, ಸಾರಿಗೆ ನಿಗಮದವರು ಹಂಪಿ, ಕಂಪ್ಲಿ, ಸಂಡೂರು ಮೂರಕ್ಕೂ ಹೊಂದುವ ಪಾಸ್ ಕೊಡಲಿ. ಅಲ್ಲಿಯವರೆಗೆ ಓದುಗರು ಮಾಡಬಹುದಾದದ್ದು ಇಷ್ಟು: ವಾಪಸ್ ರೈಲಿನ ಟಿಕೆಟ್ಟನ್ನು ಎರಡು ದಿನ ಮುಂದಕ್ಕೆ ಮಾಡಿಸಿಕೊಳ್ಳಿ.