ವ್ಯಾಯಾಮಾನಂತರದ ಸ್ನಾಯುನೋವು ಮತ್ತು ಅದರ ಶಮನ

ಶರೀರವನ್ನು ದುಡಿಸುವುದು ಎಷ್ಟು ಅವಶ್ಯಕವೋ, ದುಡಿದ ಶರೀರವನ್ನು ಸಂತೈಸುವುದೂ ಅಷ್ಟೇ ಅವಶ್ಯಕ. ಕೊಂಡ್ಲಹಳ್ಳಿ ಹಾಗೂ ಅದರ ಸುತ್ತಣ ಚಳ್ಳಕೆರೆ-ಮೊಳಕಾಲ್ಮೂರು ಸೀಮೆಯ ಮಕ್ಕಳು ಶ್ರಮಕ್ಕೆ ಹೊಸಬರಲ್ಲ. ಮಳೆ ಕಡಿಮೆಯಾದ ಈ ನೆಲದಲ್ಲಿ ಶೇಂಗಾ ಹೊಲದ ದುಡಿಮೆಯನ್ನು ಕಂಡು ಬೆಳೆದವರು ಅವರು. ಕಬಡ್ಡಿ, ಖೋ ಖೋ ಅಂಕಣಗಳಲ್ಲಿ ಮೈಮರೆತು ಆಡುವವರು. ಆದರೆ ಶ್ರಮದ ಮರುದಿನ ಕಾಣಿಸಿಕೊಳ್ಳುವ ಮೈಕೈ ನೋವಿನ ವಿಷಯದಲ್ಲಿ ಮನೆಯಲ್ಲಿಯೂ ಶಾಲೆಯಲ್ಲಿಯೂ ಕೆಲವು ತಪ್ಪು ತಿಳುವಳಿಕೆಗಳು ಬೇರೂರಿವೆ. ಅವುಗಳನ್ನು ನಿವಾರಿಸುವುದು ಶಿಕ್ಷಕರ ಹೊಣೆ.

ಅಶೋಕನ ಶಾಸನವಿರುವ ಜಟಿಂಗ ರಾಮೇಶ್ವರ ಬೆಟ್ಟವನ್ನು ಮೊದಲ ಬಾರಿಗೆ ಹತ್ತಿ ಇಳಿದವರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಹತ್ತುವಾಗ ಏದುಸಿರು ಬರುತ್ತದೆ, ಇಳಿಯುವುದು ಸುಲಭವೆನಿಸುತ್ತದೆ. ಆದರೆ ಮರುದಿನ ತೊಡೆಗಳು ಬಿಗಿದು ನೋಯುವುದಕ್ಕೆ ಮುಖ್ಯ ಕಾರಣ ಇಳಿತವೇ. ಇಳಿಯುವಾಗ ತೊಡೆಯ ಸ್ನಾಯುಗಳು ದೇಹದ ಭಾರವನ್ನು ತಡೆಯುತ್ತಲೇ ನೀಳವಾಗಬೇಕಾಗುತ್ತದೆ. ಇಂತಹ ಸೆಳೆತದಲ್ಲಿ ಸ್ನಾಯುತಂತುಗಳಿಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಹಾನಿಯುಂಟಾಗಿ, ಅಲ್ಲಿ ಉರಿಯೂತ ತಲೆದೋರುತ್ತದೆ. ನೋವು ಸಾಮಾನ್ಯವಾಗಿ 12ರಿಂದ 24 ಗಂಟೆಗಳೊಳಗೆ ಆರಂಭವಾಗಿ, 24ರಿಂದ 72 ಗಂಟೆಗಳಲ್ಲಿ ಹೆಚ್ಚಾಗಿ, ವಾರದೊಳಗೆ ಶಮನವಾಗುತ್ತದೆ. ಈ ಬಗೆಯ ನೋವನ್ನು 1902ರಷ್ಟು ಹಿಂದೆಯೇ ಅಮೆರಿಕದ ಥಿಯೋಡೋರ್ ಹಫ್ ವಿವರಿಸಿದ್ದನು.

ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ಉಳಿದುಕೊಳ್ಳುವುದರಿಂದ ಈ ನೋವು ಬರುತ್ತದೆಂದು ಬಹುಕಾಲ ಬೋಧಿಸಲಾಗುತ್ತಿತ್ತು. ಇದು ಸರಿಯಲ್ಲ. ಆ ಪದಾರ್ಥವು ವ್ಯಾಯಾಮ ಮುಗಿದ ಸುಮಾರು ಒಂದು ಗಂಟೆಯೊಳಗೆ ರಕ್ತದಿಂದ ಬಹುಪಾಲು ಇಲ್ಲವಾಗುತ್ತದೆ. ನಾಳೆಯ ನೋವಿಗೆ ಅದು ಕಾರಣವಾಗಲಾರದು.

ಹಾಗಾದರೆ ಅಂಗಗಳನ್ನು ಚಾಚಿ ಸೆಳೆಯುವ ಅಭ್ಯಾಸಗಳ ಪ್ರಯೋಜನವೇನು? ಈ ವಿದ್ಯೆಗೆ ಚಿತ್ರದುರ್ಗ ಜಿಲ್ಲೆಯ ಕೊಡುಗೆ ದೊಡ್ಡದು. 1888ರಲ್ಲಿ ಈ ಜಿಲ್ಲೆಯ ಮುಚುಕುಂದಪುರದಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಪಾಠ ಹೇಳಿದರು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅನಾಥ ಸೇವಾಶ್ರಮವನ್ನು ಕಟ್ಟಿದ ಶ್ರೀ ರಾಘವೇಂದ್ರ ಸ್ವಾಮೀಜಿಯವರು ಊರೂರುಗಳಲ್ಲಿ ಶಿಬಿರ ನಡೆಸಿ ಯೋಗಾಸನ-ವ್ಯಾಯಾಮಗಳನ್ನು ಜನಸಾಮಾನ್ಯರಿಗೆ ಕಲಿಸಿದರು. ಪಶ್ಚಿಮೋತ್ತಾನಾಸನದಂತಹ ಆಸನಗಳ ನಿಯಮಿತ ಅಭ್ಯಾಸದಿಂದ ಕೀಲುಗಳ ಚಲನೆ ವಿಸ್ತಾರಗೊಳ್ಳುತ್ತದೆ, ದೇಹ ಬಾಗುಬಳುಕು ಪಡೆಯುತ್ತದೆ.

ಆದರೆ ಮರುದಿನದ ನೋವನ್ನು ತಡೆಯುವ ಶಕ್ತಿ ಸೆಳೆತಕ್ಕೆ ಅತ್ಯಲ್ಪ. 2011ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯು ಈ ಕುರಿತ 12 ಅಧ್ಯಯನಗಳನ್ನು ಪರಿಶೀಲಿಸಿತು. ಅವುಗಳಲ್ಲಿ 2,300ಕ್ಕೂ ಹೆಚ್ಚು ಜನ ಪಾಲ್ಗೊಂಡಿದ್ದ ಅಧ್ಯಯನವೊಂದರಲ್ಲಿ, ವ್ಯಾಯಾಮದ ಮೊದಲೂ ನಂತರವೂ ಅಂಗಗಳನ್ನು ಸೆಳೆದವರಿಗೆ ನೂರು ಅಂಕಗಳ ಮಾಪಕದಲ್ಲಿ ಸರಾಸರಿ 4 ಅಂಕಗಳಷ್ಟು ಮಾತ್ರ ನೋವು ಕಡಿಮೆಯಾಗಿತ್ತು. ಆದ್ದರಿಂದ ನೋಯುತ್ತಿರುವ ಅಂಗವನ್ನು ಬಲವಂತದಿಂದ ಎಳೆಯುವುದರಲ್ಲಿ ಅರ್ಥವಿಲ್ಲ.

ನಿಜವಾದ ರಕ್ಷಣೆ ಇರುವುದು ಕ್ರಮಕ್ರಮವಾದ ಅಭ್ಯಾಸದಲ್ಲಿ. ಒಮ್ಮೆ ನೊಂದು ಸುಧಾರಿಸಿಕೊಂಡ ಸ್ನಾಯು ಅದೇ ಶ್ರಮವನ್ನು ಮುಂದಿನ ಸಲ ಕಡಿಮೆ ನೋವಿನಿಂದ ತಾಳಿಕೊಳ್ಳುತ್ತದೆ. ಗರಡಿಮನೆಯಲ್ಲಿ ದಂಡ, ಬಸ್ಕಿಗಳ ಎಣಿಕೆಯನ್ನು ಸ್ವಲ್ಪಸ್ವಲ್ಪವಾಗಿ ಏರಿಸುವುದರ ಮರ್ಮ ಇದೇ. ಕ್ರೀಡಾಕೂಟದ ತಯಾರಿಯೂ ಕೊನೆಯ ವಾರದ ಅವಸರವಾಗದೆ ತಿಂಗಳುಗಳ ಮೊದಲೇ ಆರಂಭವಾಗಬೇಕು.

ಆಟದ ಮೊದಲು ನಡಿಗೆ, ನಿಧಾನದ ಓಟಗಳಿಂದ ಮೈಯನ್ನು ಬೆಚ್ಚಗಾಗಿಸಬೇಕು. ಆಟ ಮುಗಿದೊಡನೆ ಕುಳಿತುಬಿಡದೆ ಕೆಲವು ನಿಮಿಷ ಮೆಲ್ಲನೆ ನಡೆಯಬೇಕು. ಅನಂತರ ತೊಡೆ, ಮೀನಖಂಡ, ಸೊಂಟ, ಹೆಗಲುಗಳನ್ನು ಜಗ್ಗದೆ, ನೋವಾಗದಷ್ಟು ಮಾತ್ರ, 15ರಿಂದ 30 ಸೆಕೆಂಡು ಸೆಳೆದು ಹಿಡಿಯಬಹುದು. ಎಣ್ಣೆ ಹಚ್ಚಿ ಹಗುರವಾಗಿ ನೀವುವುದು ಹಿತಕರ. ಸ್ನಾಯುಗಳ ದುರಸ್ತಿಗೆ ಪ್ರೋಟೀನು ಬೇಕು. ಈ ಸೀಮೆಯ ಶೇಂಗಾ, ಹುರುಳಿ, ತೊಗರಿ ಅದನ್ನು ಒದಗಿಸುತ್ತವೆ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನು ಇದೆ. ಪ್ರೌಢಶಾಲೆಯ ವಯಸ್ಸಿನವರಿಗೆ 8ರಿಂದ 10 ಗಂಟೆಗಳ ನಿದ್ರೆ ಅವಶ್ಯಕ.

ಶಿಕ್ಷಕರು ವಿಶೇಷವಾಗಿ ನೆನಪಿಡಬೇಕಾದ ಮಾತೊಂದಿದೆ. ರೂಢಿಯಿಲ್ಲದ ಮಗುವಿನಿಂದ ಬಿಸಿಲಿನಲ್ಲಿ ನೂರಾರು ಬಸ್ಕಿ ಹೊಡೆಸಿದರೆ ಸ್ನಾಯುಗಳು ತೀವ್ರವಾಗಿ ಒಡೆದು, ಅವುಗಳ ಅಂಶಗಳು ರಕ್ತಕ್ಕೆ ಸೇರಿ ಮೂತ್ರಪಿಂಡಗಳಿಗೆ ಅಪಾಯವೊದಗಬಹುದು. ಸಹಿಸಲಾಗದ ನೋವು, ಊತ, ನಿಶ್ಶಕ್ತಿ, ಹಾಲು ಬೆರೆಸದ ಚಹಾದ ಬಣ್ಣದ ಮೂತ್ರ ಇದರ ಲಕ್ಷಣಗಳು. ಇವುಗಳಲ್ಲಿ ಒಂದೆರಡು ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ಮಕ್ಕಳಿಗೆ ದೈಹಿಕ ಶಿಕ್ಷೆ ನೀಡುವುದನ್ನು ನಿಷೇಧಿಸಿದೆ. ಕಾಯಿದೆಯ ಮಾತು ಹಾಗಿರಲಿ, ಶರೀರವಿಜ್ಞಾನವನ್ನು ಅರಿತವರು ವ್ಯಾಯಾಮವನ್ನು ಶಿಕ್ಷೆಯಾಗಿ ಬಳಸಲಾರರು.

“ನಿನ್ನೆ ಆಡಿದೆ, ಇಂದು ಕಾಲು ನೋಯುತ್ತಿದೆ” ಎನ್ನುವ ವಿದ್ಯಾರ್ಥಿ ಸೋಮಾರಿಯಲ್ಲ. ಅವನ ಶರೀರ ಬಲಗೊಳ್ಳುವ ಕೆಲಸದಲ್ಲಿ ತೊಡಗಿದೆ. ಆ ದಿನ ಅವನಿಗೆ ಹಗುರವಾದ ಚಟುವಟಿಕೆ ಸಾಕು. ಆಟದ ಬಯಲಿನ ಅಂಚಿಗೆ ಕುಡಿಯುವ ನೀರು, ನಾಲ್ಕು ಮರಗಳ ನೆರಳು, ತಿಳಿವಳಿಕೆಯುಳ್ಳ ಒಬ್ಬ ಶಿಕ್ಷಕ: ಶಾಲೆಯೊಂದರ ಕ್ರೀಡಾಭಿವೃದ್ಧಿಗೆ ಬಹುಮಾನದ ಬಟ್ಟಲುಗಳಿಗಿಂತ ಮೊದಲು ಒದಗಬೇಕಾದವು ಇವೇ.